ಮೀನಿನ ತೊಟ್ಟಿಯಲ್ಲಿ ಕಣ ಹಿಡಿಯೋದು: ಆಲ್ಫಾ, ಬೀಟಾ, ಮ್ಯೂಆನ್ ಗುರುತಿಸಲು ಮಲೆನಾಡಿನವರಿಗೊಂದು ಸಮಗ್ರ ಮಾರ್ಗದರ್ಶಿ

ಮೊದಲೇ ಹೇಳಿಬಿಡುತ್ತೇನೆ, ಮೀನಿನ ತೊಟ್ಟಿಯಲ್ಲಿ ಆಲ್ಕೋಹಾಲಿನ ಮಂಜು ಕಟ್ಟಿಸಿ, ಕಣ ಹಾದುಹೋದ ದಾರಿ ಗೆರೆಯಾಗಿ ಕಾಣುವಂತೆ ಮಾಡುವ ಈ ಪ್ರಯೋಗವನ್ನು ಜುಲೈ ತಿಂಗಳಲ್ಲಿ ಮಾಡಲು ಹೋಗಬೇಡಿ. ನಾನು ಮಾಡಿ ಕೈ ಸುಟ್ಟುಕೊಂಡಿದ್ದೇನೆ. ತೀರ್ಥಹಳ್ಳಿ ಕಡೆಯ ನಮ್ಮ ಮನೆಯಲ್ಲಿ ಆಗ ಹದಿನೈದು ದಿನದಿಂದ ಬಿಡದ ಮಳೆ, ಒಗೆದ ಬಟ್ಟೆ ಒಣಗಲ್ಲ, ಉಪ್ಪಿನ ಭರಣಿಯಲ್ಲಿ ನೀರು. ಅಂಥದ್ದರಲ್ಲಿ ಬೆಂಗಳೂರಿನಿಂದ ರಾತ್ರಿ ಬಸ್ಸಿನಲ್ಲಿ ಡ್ರೈ ಐಸ್ (ಗಟ್ಟಿಯಾದ ಕಾರ್ಬನ್ ಡೈ ಆಕ್ಸೈಡ್) ತರಿಸಿ, ಲೈಟ್ ಆರಿಸಿ, ಮನೆಯವರನ್ನೆಲ್ಲ ಸುತ್ತ ಕೂರಿಸಿಕೊಂಡೆ. ಐದೇ ನಿಮಿಷಕ್ಕೆ ಕಪ್ಪು ತಗಡಿನ ಮೇಲೆ ಬೆಳ್ಳಗೆ ಹಿಮ ಕೂತಿತು. ಗೆರೆ ಒಂದೂ ಇಲ್ಲ. ಅಜ್ಜಿ ಇಣುಕಿ ನೋಡಿ "ಎಂತದ್ದು ಮಾರಾಯಾ, ಇದು ನಮ್ಮ ಫ್ರಿಜ್ಜಲ್ಲೂ ಉಂಟಲ್ಲ" ಅಂದು ಒಳಗೆ ಹೋದರು.

ಜನವರಿಯಲ್ಲಿ ಅದೇ ಸಾಮಾನು ಇಟ್ಟು ಮತ್ತೆ ಮಾಡಿದೆ. ಹತ್ತು ನಿಮಿಷಕ್ಕೆ ಮೊದಲ ಗೆರೆ ಬಂತು. ದಪ್ಪಗೆ, ಕಡ್ಡಿ ಎಳೆದ ಹಾಗೆ, ಮೂರು ಸೆಂಟಿಮೀಟರ್ ಉದ್ದ. ಒಂದೆರಡು ಸೆಕೆಂಡಿನಲ್ಲಿ ಕರಗಿ ಕೆಳಗಿಳಿಯಿತು. ಅದು ಆಲ್ಫಾ ಕಣ. ಅಂದರೆ ನಮ್ಮ ಜಗಲಿಯ ಗಾಳಿಯಲ್ಲಿದ್ದ ಒಂದೇ ಒಂದು ಪರಮಾಣು ಒಡೆದದ್ದನ್ನು ಕಣ್ಣಾರೆ ನೋಡಿದ್ದೆ.

ಕೆಲಸಕ್ಕೆ ಮುಂಚೆ ಒಂದು ಮಾತು

ಕಣವನ್ನು ಯಾರೂ ನೋಡಲ್ಲ. ಅದು ಹೋದ ದಾರಿಯಲ್ಲಿ ಬಿಟ್ಟ ಗುರುತನ್ನು ನೋಡುತ್ತೇವೆ. ಬೆಳಿಗ್ಗೆ ತೋಟಕ್ಕೆ ಹೋದಾಗ ಕೆಸರಿನಲ್ಲಿ ಹಂದಿ ಹೆಜ್ಜೆ ಕಾಣುತ್ತದಲ್ಲ, ಹಾಗೆ. ಹೆಜ್ಜೆಯ ಆಳವನ್ನು ಮಾತ್ರ ನೋಡಿದರೆ ದೊಡ್ಡ ಹಂದಿ ನಿಧಾನವಾಗಿ ನಡೆದದ್ದೋ, ಸಣ್ಣದು ಬದುವಿನಿಂದ ಹಾರಿ ಬಿದ್ದದ್ದೋ ಗೊತ್ತಾಗಲ್ಲ. ಹೆಜ್ಜೆಯಿಂದ ಹೆಜ್ಜೆಗೆ ಎಷ್ಟು ದೂರ ಅಂತಲೂ ನೋಡಬೇಕು. ಕಣಗಳದ್ದೂ ಇದೇ ಕಥೆ. ಗೆರೆಯ ದಪ್ಪ ಎರಡು ವಿಷಯದ ಮೇಲೆ ನಿಂತಿದೆ: ಕಣದ ವಿದ್ಯುದಾವೇಶ ಎಷ್ಟು, ಅದರ ವೇಗ ಎಷ್ಟು. ಆವೇಶ ಎರಡು ಪಟ್ಟಾದರೆ ಗುರುತು ನಾಲ್ಕು ಪಟ್ಟು. ವೇಗ ಕಡಿಮೆಯಾದರೂ ಗುರುತು ದಪ್ಪವಾಗುತ್ತದೆ. ಆದ್ದರಿಂದ ಒಂದು ಅಳತೆ ಇಟ್ಟುಕೊಂಡು ಕಣಕ್ಕೆ ಹೆಸರಿಡಬೇಡಿ. ಕಡಿಮೆ ಅಂದರೂ ಎರಡು ಬೇಕು. ಮೀನಿನ ತೊಟ್ಟಿಗೂ ಇದೇ ನಿಯಮ, ದೊಡ್ಡ ಪ್ರಯೋಗಾಲಯಕ್ಕೂ ಇದೇ.

ಈ ಯಂತ್ರದ ಹೆಸರು ಕ್ಲೌಡ್ ಚೇಂಬರ್, ಅಂದರೆ ಮೋಡದ ಪೆಟ್ಟಿಗೆ. 1894ರಲ್ಲಿ ಸಿ.ಟಿ.ಆರ್. ವಿಲ್ಸನ್ ಎಂಬಾತ ಸ್ಕಾಟ್ಲೆಂಡಿನ ಬೆನ್ ನೆವಿಸ್ ಬೆಟ್ಟದ ಮೇಲೆ ಮಂಜು ಮತ್ತು ಬಿಸಿಲಿನ ಆಟ ನೋಡಿ, ಅಂಥ ಮೋಡವನ್ನು ಲ್ಯಾಬಿನಲ್ಲಿ ಮಾಡಲು ಹೊರಟ. 1911ರಲ್ಲಿ ಕಣಗಳ ಗೆರೆ ಕಂಡಿತು, 1927ರಲ್ಲಿ ನೊಬೆಲ್ ಬಂತು. ಕೊಡಚಾದ್ರಿಯಲ್ಲಿ ಬೆಳಗಿನ ಮಂಜು ನೋಡಿ ಫೋಟೋ ಹೊಡೆದು ಇಳಿದು ಬರುವ ನಾವು ಸ್ವಲ್ಪ ಯೋಚಿಸಬೇಕಾದ ವಿಷಯ, ಇರಲಿ.

ಸಾಮಾನು

ಗಾಜಿನ ಚಿಕ್ಕ ಮೀನಿನ ತೊಟ್ಟಿ, ಸುಮಾರು 20 ಸೆಂ.ಮೀ. ಅಗಲದ್ದು. ಗಾಜಿನದ್ದೇ ಇರಲಿ. ಅಕ್ರಿಲಿಕ್ ಪೆಟ್ಟಿಗೆಗೆ ಆಲ್ಕೋಹಾಲ್ ತಾಗಿದರೆ ಕೂದಲೆಳೆಯಂಥ ಬಿರುಕು ಬಿಟ್ಟು ಮಬ್ಬಾಗುತ್ತದೆ, ನನ್ನದೊಂದು ಹಾಗೇ ಹಾಳಾಯಿತು. ತೊಟ್ಟಿಯ ಬಾಯಿಗಿಂತ ಸ್ವಲ್ಪ ದೊಡ್ಡದಾದ, 2-3 ಮಿ.ಮೀ. ದಪ್ಪದ ಅಲ್ಯುಮಿನಿಯಂ ತಗಡು, ಒಂದು ಬದಿಗೆ ಹೊಳಪಿಲ್ಲದ ಕಪ್ಪು ಬಣ್ಣ ಹೊಡೆದದ್ದು. ದಪ್ಪ ಫೆಲ್ಟ್ ಬಟ್ಟೆ. ಒಂದೆರಡು ಜೊತೆ ಗಟ್ಟಿ ಅಯಸ್ಕಾಂತ. ಒಳ್ಳೆ ಎಲ್‌ಇಡಿ ಟಾರ್ಚ್. ತಗ್ಗಾದ ಥರ್ಮಾಕೋಲ್ ಪೆಟ್ಟಿಗೆ.

ಇನ್ನು ಐಸೋಪ್ರೊಪೈಲ್ ಆಲ್ಕೋಹಾಲ್. 99 ಪರ್ಸೆಂಟಿನದ್ದೇ ಬೇಕು. ಮೆಡಿಕಲ್ ಶಾಪಿನಲ್ಲಿ ಕೈ ತೊಳೆಯೋಕೆ ಕೊಡುವ 70 ಪರ್ಸೆಂಟಿನದ್ದರಲ್ಲಿ ಉಳಿದದ್ದು ನೀರು, ನೀರು ಅಂದರೆ ಹಿಮ, ಹಿಮ ಅಂದರೆ ನನ್ನ ಜುಲೈ ಕಥೆ. ಎಲೆಕ್ಟ್ರಾನಿಕ್ಸ್ ರಿಪೇರಿ ಅಂಗಡಿಯವರು ಬೋರ್ಡ್ ತೊಳೆಯಲು ಬಳಸುತ್ತಾರೆ, ಅಲ್ಲಿ ಕೇಳಿ ನೋಡಿ.

ಡ್ರೈ ಐಸ್ ಐದು ಕೆಜಿ ತರಿಸಿ. ದಾರಿಯಲ್ಲೇ ಒಂದಷ್ಟು ಆವಿಯಾಗಿ ಹೋಗುತ್ತದೆ. ಇದು ಮೈನಸ್ 78 ಡಿಗ್ರಿ, ಬರಿಗೈಯಲ್ಲಿ ಮುಟ್ಟಿದರೆ ಸುಟ್ಟ ಗಾಯವೇ. ದಪ್ಪ ಗ್ಲೌಸ್ ಹಾಕಿ. ಡಬ್ಬಿಯಲ್ಲಿ ಗಾಳಿಯಾಡದ ಹಾಗೆ ಮುಚ್ಚಿಟ್ಟರೆ ಸಿಡಿಯುತ್ತದೆ. ಕಿಟಕಿ ಹಾಕಿದ ಕಾರಿನಲ್ಲಿ, ಕೋಣೆಯಲ್ಲಿ ಇಟ್ಟರೆ ಕಾರ್ಬನ್ ಡೈ ಆಕ್ಸೈಡ್ ತುಂಬಿಕೊಂಡು ಉಸಿರು ಕಟ್ಟುತ್ತದೆ. ಆಲ್ಕೋಹಾಲಿನ ಆವಿಗೆ ಬೆಂಕಿ ತಗುಲಬಾರದು, ಹಾಗಾಗಿ ದೇವರ ದೀಪದಿಂದಲೂ ಒಲೆಯಿಂದಲೂ ದೂರ ಇರಿ.

ಜೋಡಿಸುವುದು

ಫೆಲ್ಟನ್ನು ತೊಟ್ಟಿಯ ತಳಕ್ಕೆ ಒಳಗಿನಿಂದ ಹಿಡಿಸಬೇಕು. ಗೋಂದು ಹಾಕಬೇಡಿ, ಆಲ್ಕೋಹಾಲಿಗೆ ಬಿಟ್ಟುಕೊಳ್ಳುತ್ತದೆ. ಗಾಜಿನ ಒಳಗೊಂದು ಹೊರಗೊಂದು ಅಯಸ್ಕಾಂತ ಇಟ್ಟರೆ ಗಟ್ಟಿಯಾಗಿ ಕೂರುತ್ತದೆ. ಫೆಲ್ಟಿಗೆ ಆಲ್ಕೋಹಾಲ್ ಸುರಿದು ಚೆನ್ನಾಗಿ ನೆನೆಸಿ. ಥರ್ಮಾಕೋಲ್ ಪೆಟ್ಟಿಗೆಯಲ್ಲಿ ಡ್ರೈ ಐಸ್ ಪುಡಿಮಾಡಿ ಸಮವಾಗಿ ಹರಡಿ, ಮೇಲೆ ತಗಡನ್ನು ಕಪ್ಪು ಬದಿ ಮೇಲೆ ಬರುವಂತೆ ಒತ್ತಿ ಇಡಿ. ಐಸಿಗೂ ತಗಡಿಗೂ ನಡುವೆ ಸಂದು ಇದ್ದರೆ ಅಷ್ಟು ಜಾಗ ತಣ್ಣಗಾಗಲ್ಲ. ತಗಡಿನ ಮೇಲೆ ಎರಡು ಚಮಚ ಆಲ್ಕೋಹಾಲ್ ಸುರಿದು ತೆಳ್ಳಗೆ ಹರಡಿ. ಇದು ಮಲೆನಾಡಿನವರು ಬಿಡಲೇಬಾರದ ಹೆಜ್ಜೆ, ಯಾಕೆಂದರೆ ನಮ್ಮ ಗಾಳಿಯ ತೇವ ಹಿಮವಾಗಿ ಕೂರುವ ಬದಲು ಈ ಪದರದಲ್ಲಿ ಕರಗಿಹೋಗುತ್ತದೆ, ತಗಡು ಕಪ್ಪಾಗೇ ಉಳಿಯುತ್ತದೆ. ಈಗ ತೊಟ್ಟಿಯನ್ನು ಬೋರಲು ಹಾಕಿ, ಅಂಚಿಗೆಲ್ಲ ಮಕ್ಕಳು ಆಡುವ ಕ್ಲೇ ಮೆತ್ತಿ ಮುಚ್ಚಿ. ತೊಟ್ಟಿಯ ನೆತ್ತಿಯ ಮೇಲೆ ಉಗುರುಬೆಚ್ಚಗಿನ ನೀರಿನ ಪಾತ್ರೆ ಇಟ್ಟರೆ ಆವಿ ಚೆನ್ನಾಗಿ ಏಳುತ್ತದೆ.

ಕೋಣೆ ಕತ್ತಲು ಮಾಡಿ, ಟಾರ್ಚನ್ನು ಪಕ್ಕದಿಂದ, ತಗಡಿನ ಮಟ್ಟಕ್ಕೇ ಹಿಡಿಯಿರಿ. ಮೇಲಿನಿಂದ ಬಿಟ್ಟರೆ ಏನೂ ಕಾಣಲ್ಲ.

ಕಾಯಿರಿ. ಮೊದಲು ಸಣ್ಣ ಸೋನೆ ಮಳೆಯ ಹಾಗೆ ಹನಿ ಉದುರುತ್ತದೆ. ಆಗುಂಬೆ ಘಾಟಿಯಲ್ಲಿ ಹೆಡ್‌ಲೈಟಿನ ಮುಂದೆ ಕಾಣುತ್ತದಲ್ಲ, ಥೇಟ್ ಅದೇ. ಹತ್ತು ಹದಿನೈದು ನಿಮಿಷದಲ್ಲಿ ತಗಡಿನಿಂದ ಸುಮಾರು ಒಂದು ಸೆಂಟಿಮೀಟರ್ ಎತ್ತರದ ಪದರವೊಂದು ತಯಾರಾಗುತ್ತದೆ. ಅಲ್ಲಿ ಆವಿ ಹನಿಯಾಗಲು ಕಾದು ಕೂತಿರುತ್ತದೆ, ಒಂದು ನೆಪ ಬೇಕಷ್ಟೆ. ಆವೇಶ ಇರುವ ಕಣ ಹಾದುಹೋದಾಗ ಗಾಳಿಯ ಅಣುಗಳಿಂದ ಎಲೆಕ್ಟ್ರಾನ್ ಕಿತ್ತುಕೊಂಡು ಹೋಗುತ್ತದೆ. ಹಾಗೆ ಉಂಟಾದ ಅಯಾನುಗಳ ಸುತ್ತ ಹನಿ ಕಟ್ಟುತ್ತದೆ.

ಅರ್ಧ ಗಂಟೆಯಾದರೂ ಗೆರೆ ಇಲ್ಲವಾದರೆ ಮೊದಲು ಅಂಚು ನೋಡಿ. ಗಾಳಿ ನುಗ್ಗುತ್ತಿದ್ದರೆ ಮಂಜು ಸುರುಳಿ ಸುತ್ತುತ್ತಿರುತ್ತದೆ. ಬರೀ ಮಂಜು ಕವಿದು ಮಬ್ಬಾಗಿದ್ದರೆ ಉಲ್ಲನ್ ಬಟ್ಟೆಗೆ ಉಜ್ಜಿದ ಪಿವಿಸಿ ಪೈಪನ್ನು ತೊಟ್ಟಿಯ ನೆತ್ತಿಯ ಹತ್ತಿರ ಹಿಡಿಯಿರಿ, ಹಳೆಯ ಅಯಾನುಗಳು ಬದಿಗೆ ಸರಿದು ತಿಳಿಯಾಗುತ್ತದೆ.

ಗೆರೆ ಓದುವುದು

ನಿಜವಾದ ಕೆಲಸ ಇಲ್ಲಿಂದ ಶುರು. ಇಲ್ಲಿ ಅವಸರ ಬೇಡ.

ದಪ್ಪ, ನೇರ, ಗಿಡ್ಡ ಗೆರೆ ಆಲ್ಫಾ. ಎರಡು ಪ್ರೋಟಾನ್, ಎರಡು ನ್ಯೂಟ್ರಾನ್ ಒಟ್ಟಿಗೆ ಇರುವ ಭಾರದ ಕಣ. ಗಾಳಿಯಲ್ಲಿರುವ ರೇಡಾನ್ ಎಂಬ ವಿಕಿರಣಶೀಲ ಅನಿಲದಿಂದ ಬರುವ ಆಲ್ಫಾದ ಶಕ್ತಿ ಸುಮಾರು 5.5 ಎಂಇವಿ, ಅಂದರೆ 55 ಲಕ್ಷ ಎಲೆಕ್ಟ್ರಾನ್ ವೋಲ್ಟ್. ಗಾಳಿಯಲ್ಲಿ ಒಂದು ಅಯಾನು ಜೋಡಿ (ಕಿತ್ತುಬಂದ ಎಲೆಕ್ಟ್ರಾನ್ ಮತ್ತು ಹಿಂದೆ ಉಳಿದ ಅಯಾನು) ಮಾಡಲು ಸುಮಾರು 35 ಎಲೆಕ್ಟ್ರಾನ್ ವೋಲ್ಟ್ ಖರ್ಚು. ಭಾಗಿಸಿ ನೋಡಿ, ಒಂದೂವರೆ ಲಕ್ಷಕ್ಕೂ ಜಾಸ್ತಿ ಜೋಡಿ, ಅದೂ ನಾಲ್ಕೇ ಸೆಂಟಿಮೀಟರಿನಲ್ಲಿ! ಅದೇ ಒಂದು ಮ್ಯೂಆನ್ (ಇದರ ವಿಷಯ ಮುಂದೆ ಬರುತ್ತದೆ) ಸೆಂಟಿಮೀಟರಿಗೆ ಅರವತ್ತು ಚಿಲ್ಲರೆ ಜೋಡಿ ಮಾಡಿ ಮುಂದೆ ಹೋಗುತ್ತದೆ. ಒಂದರ ಗೆರೆ ಕುಂಕುಮ ಎಳೆದಂತೆ, ಇನ್ನೊಂದರದ್ದು ಜೇಡರ ಬಲೆಯ ಎಳೆಯಂತೆ ಕಾಣುವುದಕ್ಕೆ ಕಾರಣ ಇದೇ.

ತೆಳ್ಳಗೆ, ಅಂಕುಡೊಂಕಾಗಿ, ಕೊನೆಗೆ ಸುರುಳಿ ಸುತ್ತಿ ನಿಲ್ಲುವುದು ಎಲೆಕ್ಟ್ರಾನ್. ಬೀಟಾ ಅಂತ ಕರೆಯುವುದು ಇದನ್ನೇ. ತುಂಬ ಹಗುರ, ಹಾಗಾಗಿ ಎದುರು ಸಿಕ್ಕ ಪರಮಾಣುಗಳೆಲ್ಲ ಅದನ್ನು ಅತ್ತಿತ್ತ ತಳ್ಳುತ್ತವೆ. ನಿಧಾನವಾದಷ್ಟೂ ಡೊಂಕು ಜಾಸ್ತಿ. ಡೊಂಕು ಹೆಚ್ಚಿರುವ ತುದಿಯೇ ಅದು ನಿಂತ ಜಾಗ, ಇದರಿಂದ ಯಾವ ಕಡೆಯಿಂದ ಬಂತು ಅಂತಲೂ ಹೇಳಬಹುದು.

ತೆಳ್ಳಗೆ, ನೇರವಾಗಿ, ತೊಟ್ಟಿಯ ಈ ಕಡೆಯಿಂದ ಆ ಕಡೆಗೆ ಹೋದದ್ದು ಬಹುಶಃ ಮ್ಯೂಆನ್. ಬಹುಶಃ ಅಂದದ್ದು ಸುಮ್ನೆ ಅಲ್ಲ. ಬಾಹ್ಯಾಕಾಶದಿಂದ ಬರುವ ಕಣಗಳು ವಾತಾವರಣದ ಮೇಲ್ಪದರಕ್ಕೆ ಬಡಿದಾಗ ಹುಟ್ಟುವ ಮ್ಯೂಆನ್ ಎಲೆಕ್ಟ್ರಾನಿಗಿಂತ 207 ಪಟ್ಟು ಭಾರ. ನೆಲಮಟ್ಟದಲ್ಲಿ ಚದರ ಸೆಂಟಿಮೀಟರಿಗೆ ನಿಮಿಷಕ್ಕೆ ಸುಮಾರು ಒಂದು ಬೀಳುತ್ತದೆ. ಅಂಗೈ ಚಾಚಿದರೆ ಸೆಕೆಂಡಿಗೊಂದು ಅಂತಿಟ್ಟುಕೊಳ್ಳಿ. ಆದರೆ ವೇಗದ ಎಲೆಕ್ಟ್ರಾನ್ ಕೂಡ ಹೀಗೇ ನೇರ ಗೆರೆ ಎಳೆಯಬಲ್ಲದು. ಬರಿಗಣ್ಣಿಗೆ ವ್ಯತ್ಯಾಸ ಸಿಗಲ್ಲ. ಇನ್ನೊಂದು ಮೋಸ, ಮ್ಯೂಆನುಗಳು ಹೆಚ್ಚಾಗಿ ಮೇಲಿನಿಂದ ನೆಟ್ಟಗೆ ಬೀಳುತ್ತವೆ, ನಮ್ಮ ಪದರವೋ ಒಂದು ಸೆಂಟಿಮೀಟರ್. ಹಾಗಾಗಿ ಬಹಳಷ್ಟು ಮ್ಯೂಆನುಗಳು ಬರೀ ಚುಕ್ಕೆಯ ಹಾಗೆ ಕಂಡು ಹೋಗುತ್ತವೆ. ಉದ್ದ ಕಂಡದ್ದು ಓರೆಯಾಗಿ ಬಂದದ್ದು ಮಾತ್ರ.

ಎಕ್ಸ್‌ರೇಯಂಥದ್ದೇ ಆದ ಗಾಮಾ ಕಿರಣಕ್ಕೆ ಆವೇಶ ಇಲ್ಲ, ಗೆರೆಯೂ ಇಲ್ಲ. ತೊಟ್ಟಿಯ ನಡುವೆ ಎಲ್ಲಿಂದಲೋ ಒಂದು ಎಲೆಕ್ಟ್ರಾನ್ ಗೆರೆ ಶುರುವಾದರೆ ಗಾಮಾ ಬಂದು ಹೊಡೆದಿರಬಹುದು. ನೇರ ಗೆರೆಯಿಂದ ಚಿಕ್ಕ ಕವಲು ಹೊರಟಿದ್ದರೆ ದಾರಿಹೋಕ ಕಣ ಒಂದು ಎಲೆಕ್ಟ್ರಾನನ್ನು ಜೋರಾಗಿ ಒದ್ದಿದೆ ಅಂತ ಅರ್ಥ.

ಈಗ ಎರಡನೇ ಅಳತೆ. ಆಲ್ಫಾಕ್ಕೆ ಅದು ಉದ್ದ. ಫೋನಿನಲ್ಲಿ ವಿಡಿಯೋ ಮಾಡಿಕೊಳ್ಳಿ, ತಗಡಿನ ಮೇಲೆ ಮೊದಲೇ ಸೆಂಟಿಮೀಟರ್ ಗುರುತು ಹಾಕಿರಿ. ರೇಡಾನ್ ಆಲ್ಫಾ ಸಾಮಾನ್ಯ ಗಾಳಿಯಲ್ಲಿ ಸುಮಾರು 4 ಸೆಂ.ಮೀ. ಹೋಗುತ್ತದೆ. ರೇಡಾನಿನ ಸಂತತಿ, ಅಂದರೆ ರೇಡಾನ್ ಒಡೆಯುತ್ತ ಹೋದಾಗ ಹುಟ್ಟುವ ಪರಮಾಣುಗಳಲ್ಲಿ ಒಂದಾದ ಪೊಲೋನಿಯಂ-214 ಬಿಡುವ ಆಲ್ಫಾದ ಶಕ್ತಿ 7.7 ಎಂಇವಿ, ಅದು ಸುಮಾರು 7 ಸೆಂ.ಮೀ. ತಲುಪುತ್ತದೆ. ತೊಟ್ಟಿಯೊಳಗಿನ ತಣ್ಣನೆ ಗಾಳಿ ದಟ್ಟವಾದ್ದರಿಂದ ಎರಡೂ ಸ್ವಲ್ಪ ಗಿಡ್ಡವಾಗುತ್ತವೆ, ಆದರೆ ಅನುಪಾತ ಹಾಗೇ ಇರುತ್ತದೆ. ಓರೆಯಾಗಿ ಪದರದಿಂದ ಹೊರಬಿದ್ದ ಗೆರೆಗಳನ್ನು ಬಿಟ್ಟು, ಎರಡೂ ತುದಿ ಸ್ಪಷ್ಟವಾಗಿ ಕಾಣುವುದನ್ನು ಮಾತ್ರ ಅಳೆಯಿರಿ.

ಎಲೆಕ್ಟ್ರಾನಿಗೆ ಎರಡನೇ ಅಳತೆ ಅಯಸ್ಕಾಂತ. ತಗಡಿನ ಹತ್ತಿರ ಗಟ್ಟಿ ನಿಯೋಡಿಮಿಯಂ ಅಯಸ್ಕಾಂತ ಇಟ್ಟು 0.1 ಟೆಸ್ಲಾ (ಕಾಂತಕ್ಷೇತ್ರದ ಅಳತೆ) ಕ್ಷೇತ್ರ ಸಿಕ್ಕಿತು ಅಂದುಕೊಳ್ಳಿ. 1 ಎಂಇವಿ ಎಲೆಕ್ಟ್ರಾನ್ ಅಲ್ಲಿ ಸುಮಾರು 5 ಸೆಂ.ಮೀ. ತ್ರಿಜ್ಯದ ಕಮಾನಾಗಿ ಬಾಗುತ್ತದೆ. ಅದೇ ಜಾಗದಲ್ಲಿ 5.5 ಎಂಇವಿ ಆಲ್ಫಾದ ತ್ರಿಜ್ಯ 3 ಮೀಟರಿಗೂ ಜಾಸ್ತಿ, ನಾಲ್ಕು ಸೆಂಟಿಮೀಟರ್ ಗೆರೆಯಲ್ಲಿ ಆ ಬಾಗು ಕಣ್ಣಿಗೆ ಬೀಳುವುದೇ ಇಲ್ಲ. 1932ರಲ್ಲಿ ಕಾರ್ಲ್ ಆಂಡರ್ಸನ್ ಎಲೆಕ್ಟ್ರಾನಿನಂಥದ್ದೇ ಗೆರೆಯೊಂದು ತಿರುಗುಮುರುಗಾಗಿ ಬಾಗಿದ್ದನ್ನು ನೋಡಿ ಪಾಸಿಟ್ರಾನ್ (ಧನ ಆವೇಶದ ಎಲೆಕ್ಟ್ರಾನ್) ಕಂಡುಹಿಡಿದದ್ದು ಇಂಥ ಪೆಟ್ಟಿಗೆಯಲ್ಲೇ. ಅದು ಎದುರು ದಿಕ್ಕಿನಿಂದ ಬಂದ ಮಾಮೂಲಿ ಎಲೆಕ್ಟ್ರಾನ್ ಇರಬಹುದಲ್ವಾ ಅಂತ ಯಾರಾದರೂ ಕೇಳಬಹುದಿತ್ತು. ಅವನು ನಡುವೆ ಒಂದು ಸೀಸದ ಹಲಗೆ ಇಟ್ಟಿದ್ದ. ಹಲಗೆ ದಾಟಿದ ಮೇಲೆ ಕಣ ನಿಧಾನವಾಗಿ ಹೆಚ್ಚು ಬಾಗುತ್ತದೆ, ಅಲ್ಲಿಗೆ ದಿಕ್ಕು ಗೊತ್ತಾಯಿತು.

ಕಣ ಎಲ್ಲಿಂದ ತರೋದು

ಸುಮ್ಮನೆ ಕೂತರೂ ಗೆರೆ ಬರುತ್ತದೆ. ಜಾಸ್ತಿ ಬೇಕು ಅಂದರೆ ವೆಲ್ಡಿಂಗ್ ಸಾಮಾನಿನ ಅಂಗಡಿಯಲ್ಲಿ ಕೆಂಪು ತುದಿಯ ಟಿಗ್ (ಒಂದು ಬಗೆಯ ವೆಲ್ಡಿಂಗ್) ಟಂಗ್‌ಸ್ಟನ್ ರಾಡ್ ಕೇಳಿ. ಅದರಲ್ಲಿ ಸುಮಾರು 2 ಪರ್ಸೆಂಟ್ ಥೋರಿಯಂ ಎಂಬ ವಿಕಿರಣಶೀಲ ಲೋಹ ಇರುತ್ತದೆ. ತೊಟ್ಟಿಯೊಳಗೆ ಇಟ್ಟರೆ ಸುತ್ತ ಮುಳ್ಳಿನ ಹಾಗೆ ಆಲ್ಫಾ ಗೆರೆ ಏಳುತ್ತವೆ. ಅದನ್ನು ಉಜ್ಜಬೇಡಿ, ಪುಡಿ ಮಾಡಬೇಡಿ. ಯಕ್ಷಗಾನದ ಕಾಲದ ಪೆಟ್ರೋಮ್ಯಾಕ್ಸ್ ಮ್ಯಾಂಟಲ್ಲಿಗೂ ಥೋರಿಯಂ ಹಾಕುತ್ತಿದ್ದರು. ಅಟ್ಟದಲ್ಲಿ ಹಳೆಯದು ಸಿಕ್ಕರೂ ಸುಟ್ಟದ್ದನ್ನು ಮುಟ್ಟಬೇಡಿ, ಅದರ ಬೂದಿ ಮೂಗಿಗೆ ಹೋಗಬಾರದು. ಹೊಗೆ ಪತ್ತೆ ಮಾಡುವ ಡಬ್ಬಿ ಬಿಚ್ಚಿ ಅದರೊಳಗಿನ ವಿಕಿರಣಶೀಲ ಅಮೆರಿಸಿಯಂ ತೆಗೆಯುವ ಐಡಿಯಾ ಇದ್ದರೆ ಅದನ್ನು ಅಲ್ಲೇ ಬಿಡಿ.

ಥೋರಿಯಂ ಇಟ್ಟಾಗ ಒಂದು ವಿಶೇಷ ಕಾಣುತ್ತದೆ. ಅದರಿಂದ ಹೊರಬರುವ ಥೋರಾನ್ ಅನಿಲ ಒಂದು ಆಲ್ಫಾ ಬಿಟ್ಟು ಪೊಲೋನಿಯಂ-216 ಆಗುತ್ತದೆ. ಅದರ ಅರ್ಧಾಯುಷ್ಯ, ಅಂದರೆ ಅರ್ಧದಷ್ಟು ಪರಮಾಣು ಒಡೆಯಲು ಹಿಡಿಯುವ ಸಮಯ, ಸೆಕೆಂಡಿನ ಏಳನೇ ಒಂದು ಭಾಗದಷ್ಟು. ಅಷ್ಟರಲ್ಲಿ ಜಾಗ ಬಿಟ್ಟು ಹೆಚ್ಚೇನೂ ಕದಲುವುದಿಲ್ಲ, ಇನ್ನೊಂದು ಆಲ್ಫಾ ಬಿಡುತ್ತದೆ. ಒಂದೇ ಬಿಂದುವಿನಿಂದ ಎರಡು ದಪ್ಪ ಗೆರೆ, ಇಕ್ಕಳದ ಹಾಗೆ. ಇದನ್ನು ನೋಡಿದ ದಿನ ನನಗೆ ರಾತ್ರಿ ಊಟ ಸೇರಲಿಲ್ಲ.

ಬೀಟಾ ಬೇಕಾದರೆ ತೋಟದ ಮನೆಯವರು ಎಲ್ಲೂ ಹೋಗಬೇಕಾಗಿಲ್ಲ. ಸೊಸೈಟಿಯಿಂದ ತಂದ ಪೊಟ್ಯಾಶ್ ಚೀಲ ಇದೆಯಲ್ಲ! ಪೊಟ್ಯಾಸಿಯಂನಲ್ಲಿ ಹತ್ತು ಸಾವಿರಕ್ಕೆ ಒಂದರಷ್ಟು ಪರಮಾಣು ವಿಕಿರಣಶೀಲ ಪೊಟ್ಯಾಸಿಯಂ-40. ಒಂದು ಗ್ರಾಂ ಪೊಟ್ಯಾಸಿಯಂನಲ್ಲಿ ಸೆಕೆಂಡಿಗೆ ಸುಮಾರು 31 ಪರಮಾಣು ಒಡೆಯುತ್ತವೆ. ಅಡಿಕೆಗೆ ಹಾಕುವ ಪೊಟ್ಯಾಶಿನಲ್ಲಿ ಅರ್ಧ ತೂಕ ಪೊಟ್ಯಾಸಿಯಂ, ಹಾಗಾಗಿ ನೂರು ಗ್ರಾಂ ತೆಗೆದುಕೊಂಡರೆ ಸೆಕೆಂಡಿಗೆ ಒಂದೂವರೆ ಸಾವಿರ. ಇದನ್ನು ಕೇಳಿ ಪಕ್ಕದ ಮನೆ ಭಾವ ಗಾಬರಿಯಾಗಿ "ಇದು ಕೈಗಾದಿಂದ ಬಂದದ್ದಾ?" ಅಂದರು. ಅಲ್ಲ ಭಾವ, ಭೂಮಿ ಹುಟ್ಟುವಾಗಲೇ ಇತ್ತು, ನಿಮ್ಮ ಮೈಯಲ್ಲೂ ಇದೆ, ಬಾಳೆಹಣ್ಣಿನಲ್ಲೂ ಇದೆ.

ಎಣಿಸುವುದು, ಮತ್ತು ಸುಮ್ನೆ ಖುಷಿಪಡದೇ ಇರುವುದು

ಕಣಗಳು ಟೈಮ್‌ಟೇಬಲ್ ನೋಡಿ ಬರಲ್ಲ. 300 ಎಣಿಸಿದರೆ ಅದರ ವರ್ಗಮೂಲ, ಅಂದರೆ 17ರಷ್ಟು, ತಂತಾನೇ ಹೆಚ್ಚುಕಮ್ಮಿ ಆಗುತ್ತದೆ. ಪೊಟ್ಯಾಶ್ ಇಲ್ಲದೆ ಹತ್ತು ನಿಮಿಷಕ್ಕೆ 300, ಇಟ್ಟ ಮೇಲೆ 340 ಬಂತು ಅಂದುಕೊಳ್ಳಿ. ವ್ಯತ್ಯಾಸ 40. ಆದರೆ ಆ ವ್ಯತ್ಯಾಸದ ಅಲುಗಾಟವೇ 640ರ ವರ್ಗಮೂಲ, ಅಂದರೆ 25. ಪಟಾಕಿ ಹೊಡೆಯುವಂಥದ್ದೇನೂ ಆಗಿಲ್ಲ. ಅದನ್ನೇ ಒಂದೊಂದು ಗಂಟೆ ಎಣಿಸಿ 1800 ಮತ್ತು 2040 ಬಂದರೆ ವ್ಯತ್ಯಾಸ 240, ಅಲುಗಾಟ 62. ಈಗ ನಂಬಬಹುದು. ವೇಗ ಅದೇ, ಕಾದದ್ದು ಮಾತ್ರ ಜಾಸ್ತಿ. ಪುಸ್ತಕದಲ್ಲಿ ಆಲ್ಫಾ, ಬೀಟಾ, ಮ್ಯೂಆನ್ ಜೊತೆಗೆ "ಗೊತ್ತಾಗಲಿಲ್ಲ" ಅಂತಲೂ ಒಂದು ಕಾಲಂ ಇಡಿ. ಅದು ಖಾಲಿ ಇದ್ದರೆ ನೀವು ಎಲ್ಲೋ ಊಹೆ ಮಾಡಿ ಬರೆದಿದ್ದೀರಿ.

ಗೆರೆ ಎಣಿಸುತ್ತ ಕೂರಲು ಬೇಜಾರಾದರೆ ಗೈಗರ್ ಕೌಂಟರ್ (ಕಣ ಬಂದಾಗಲೆಲ್ಲ ಎಣಿಸುವ ಯಂತ್ರ) ಕಿಟ್ ತರಿಸಿ. ಎಸ್‌ಬಿಎಂ-20 ಎಂಬ ರಷ್ಯನ್ ಟ್ಯೂಬ್ ಇರುವುದು ಸುಲಭದಲ್ಲಿ ಸಿಗುತ್ತದೆ, 400 ವೋಲ್ಟಿನಲ್ಲಿ ಓಡುತ್ತದೆ. ಅದರ ಲೋಹದ ಗೋಡೆ ದಾಟಿ ಆಲ್ಫಾ ಒಳಗೆ ಹೋಗಲ್ಲ, ಆಲ್ಫಾ ಬೇಕೆಂದರೆ ಮೈಕಾ ಕಿಟಕಿಯ ಟ್ಯೂಬೇ ಆಗಬೇಕು. ಗೈಗರ್ ಬರೀ "ಟಿಕ್" ಅನ್ನುತ್ತದೆ, ಯಾರು ಬಂದರು ಅಂತ ಹೇಳಲ್ಲ. ಅದಕ್ಕೆ ಅಡ್ಡ ಇಟ್ಟು ನೋಡಬೇಕು. ಒಂದು ಹಾಳೆ ಪೇಪರ್ ಇಟ್ಟಾಗ ಎಣಿಕೆ ಬಿದ್ದರೆ ಆಲ್ಫಾ. ಕೆಲವು ಮಿಲಿಮೀಟರ್ ಅಲ್ಯುಮಿನಿಯಂಗೆ ಬಿದ್ದರೆ ಬೀಟಾ. ಅದಕ್ಕೂ ಬಗ್ಗದೆ ಸೀಸಕ್ಕೆ ನಿಧಾನವಾಗಿ ಇಳಿದರೆ ಗಾಮಾ. ಸೀಸಕ್ಕೂ ಕ್ಯಾರೇ ಅನ್ನದಿದ್ದರೆ ಮ್ಯೂಆನ್.

ಎರಡು ಟ್ಯೂಬನ್ನು ಒಂದರ ಮೇಲೊಂದು ಐದು ಸೆಂ.ಮೀ. ಅಂತರದಲ್ಲಿಟ್ಟು, ಎರಡೂ ಒಟ್ಟಿಗೆ ಬಡಿದರೆ ಮಾತ್ರ ಎಣಿಸುವಂತೆ ಆರ್ಡುಯಿನೋ ಎಂಬ ಚಿಕ್ಕ ಕಂಪ್ಯೂಟರ್ ಬೋರ್ಡಿನಲ್ಲಿ ಪ್ರೋಗ್ರಾಂ ಬರೆದರೆ, ಸಿಗುವುದು ಹೆಚ್ಚುಕಮ್ಮಿ ಮ್ಯೂಆನ್ ಮಾತ್ರ. ಟ್ಯೂಬ್ ಜೋಡಿಯನ್ನು ಓರೆ ಮಾಡುತ್ತ ಹೋಗಿ, ಎಣಿಕೆ ಇಳಿಯುತ್ತ ಹೋಗುತ್ತದೆ. ಎಷ್ಟು ಕಲ್ಲು ಅಡ್ಡ ಇದ್ದರೆ ಮ್ಯೂಆನ್ ನಿಲ್ಲುತ್ತದೆ ಅಂತ ಪ್ರಪಂಚಕ್ಕೆ ತೋರಿಸಿಕೊಟ್ಟವರಲ್ಲಿ ನಮ್ಮ ಕೋಲಾರದ ಚಿನ್ನದ ಗಣಿಯದ್ದು ದೊಡ್ಡ ಪಾಲು. ನಂಜನಗೂಡಿನ ಭೌತವಿಜ್ಞಾನಿ ಬಿ.ವಿ. ಶ್ರೀಕಂಠನ್ 1950ರ ದಶಕದಲ್ಲೇ ಅಲ್ಲಿ ಇಳಿದು ಅಳೆದರು. 1965ರಲ್ಲಿ ಅದೇ ಗಣಿಯಲ್ಲಿ ಎರಡು ಕಿಲೋಮೀಟರಿಗೂ ಹೆಚ್ಚು ಆಳದಲ್ಲಿ, ಮ್ಯೂಆನ್ ಗದ್ದಲವೆಲ್ಲ ನಿಂತ ಜಾಗದಲ್ಲಿ, ವಾತಾವರಣದಲ್ಲಿ ಹುಟ್ಟುವ ನ್ಯೂಟ್ರಿನೋ, ಅಂದರೆ ಆವೇಶವಿಲ್ಲದ, ಯಾವುದಕ್ಕೂ ಸುಲಭಕ್ಕೆ ಸಿಕ್ಕದ ಕಣ, ಸಿಕ್ಕಿತು.

ದೊಡ್ಡ ಪ್ರಯೋಗಾಲಯದಲ್ಲಿ

ಮುಂಬೈ, ದೆಹಲಿಯ ಪೆಲೆಟ್ರಾನ್ ವೇಗವರ್ಧಕಗಳಲ್ಲಿ ಮಾಡುವುದೂ ನಮ್ಮ ಎರಡು ಅಳತೆಯ ಕೆಲಸವೇ, ಸಾಮಾನು ಮಾತ್ರ ದುಬಾರಿ. ತೆಳುವಾದ ಸಿಲಿಕಾನ್ ಪದರದ ಹಿಂದೆ ದಪ್ಪನೆಯದು. ತೆಳುವಿನಲ್ಲಿ ಕಣ ಸ್ವಲ್ಪ ಶಕ್ತಿ ಕಳೆದುಕೊಳ್ಳುತ್ತದೆ, ದಪ್ಪದರಲ್ಲಿ ಉಳಿದದ್ದನ್ನೆಲ್ಲ ಬಿಟ್ಟು ನಿಲ್ಲುತ್ತದೆ. ಎರಡನ್ನೂ ಗುಣಿಸಿದರೆ ಸಿಗುವುದು ಸುಮಾರಾಗಿ ತೂಕ ಮತ್ತು ಆವೇಶದ ವರ್ಗದ ಗುಣಲಬ್ಧ. ಪ್ರೋಟಾನಿಗೆ 1 ಅಂದರೆ ಡ್ಯೂಟರಾನಿಗೆ (ಒಂದು ಪ್ರೋಟಾನ್, ಒಂದು ನ್ಯೂಟ್ರಾನ್) 2, ಟ್ರೈಟಾನಿಗೆ (ಒಂದು ಪ್ರೋಟಾನ್, ಎರಡು ನ್ಯೂಟ್ರಾನ್) 3, ಹೀಲಿಯಂ-3ಕ್ಕೆ 12, ಆಲ್ಫಾಕ್ಕೆ 16. ಗ್ರಾಫಿನಲ್ಲಿ ಒಂದೊಂದೂ ಬೇರೆ ಬೇರೆ ಪಟ್ಟಿಯಾಗಿ ಕೂರುತ್ತವೆ. ನ್ಯೂಟ್ರಾನಿಗೆ ಆವೇಶವೇ ಇಲ್ಲ, ಅದಕ್ಕೆ ಓಟದ ಸಮಯ ಹಿಡಿಯುತ್ತಾರೆ. ಒಂದು ಮೀಟರ್ ದಾಟಲು ಗಾಮಾಗೆ 3.3 ನ್ಯಾನೋಸೆಕೆಂಡ್ ಸಾಕು, 1 ಎಂಇವಿ ನ್ಯೂಟ್ರಾನಿಗೆ ಸುಮಾರು 72 ಬೇಕು.

ಮಳೆಗಾಲದವರಿಗೆ

ಜೂನ್ ಬಂತು, ಮೋಡದ ಪೆಟ್ಟಿಗೆ ಅಟ್ಟಕ್ಕೆ ಹೋಯಿತು. ಆಗ ಗೈಗರ್ ಹೊರಗೆ ತೆಗೆಯಿರಿ. ಗಾಳಿಯಲ್ಲಿ ತೇಲುವ ರೇಡಾನಿನ ಸಂತತಿ ಧೂಳಿಗೆ ಅಂಟಿಕೊಂಡಿರುತ್ತದೆ, ಮಳೆ ಅದನ್ನು ತೊಳೆದು ಕೆಳಗೆ ತರುತ್ತದೆ. ಬಿಸಿಲಿನ ಒಂದೆರಡು ದಿನದ ನಂತರ ಬರುವ ಮೊದಲ ಜೋರು ಮಳೆಯಲ್ಲಿ ಇದು ಚೆನ್ನಾಗಿ ಸಿಗುತ್ತದೆ. ಮಳೆ ಶುರುವಾಗಿ ಹತ್ತು ನಿಮಿಷಕ್ಕೆ ಕಾರಿನ ಮೇಲ್ಭಾಗವನ್ನೋ ಸ್ಕೂಟರ್ ಸೀಟನ್ನೋ ಒಂದೇ ಟಿಶ್ಯೂ ಪೇಪರಿನಲ್ಲಿ ಒರೆಸಿ. ಹಿಂಡಬೇಡಿ, ಮಡಚಿ ತೆಳು ಪ್ಲಾಸ್ಟಿಕ್‌ನಲ್ಲಿ ಸುತ್ತಿ ಟ್ಯೂಬಿಗೆ ತಾಗಿಸಿ ಇಡಿ. ಎಣಿಕೆ ಏರುತ್ತದೆ. ಐದೈದು ನಿಮಿಷಕ್ಕೊಮ್ಮೆ ಬರೆದುಕೊಳ್ಳುತ್ತ, ಮಾಮೂಲಿ ಎಣಿಕೆಯನ್ನು ಕಳೆಯುತ್ತ ಹೋಗಿ. ಸುಮಾರು ಅರ್ಧ ಗಂಟೆಗೆ ಅರ್ಧದಷ್ಟಾಗುತ್ತದೆ. ಸೀಸ-214ರ ಅರ್ಧಾಯುಷ್ಯ 27 ನಿಮಿಷ, ಬಿಸ್ಮತ್-214ರದ್ದು 20, ಎರಡೂ ಸೇರಿ ಕೊಡುವ ಇಳಿತ ಅದು. ಗೆರೆಯ ಉದ್ದದ ಹಾಗೆ ಇಲ್ಲಿ ಸಮಯವೇ ಎರಡನೇ ಅಳತೆ.

ನಮ್ಮಲ್ಲಿ ಇದನ್ನು ಮಾಡಿದ ದಿನ ಅಜ್ಜಿ ಮಳೆಯಲ್ಲಿ ಬಟ್ಟೆ ತೆಗೆಯಲು ಹೊರಗೆ ಓಡಿದ್ದರು. ಒಳಗೆ ಬಂದು ಒರೆಸಿಕೊಂಡ ಟವೆಲನ್ನೇ ತಂದು ಟ್ಯೂಬಿನ ಪಕ್ಕ ಇಟ್ಟು, "ಇದನ್ನೂ ನೋಡು" ಅಂದರು.